ಸಸಿ ಬೆಳೆಸುವ ಕೋಣೆಗೆ ಬಿಳಿ ಗೋಡೆ

ಈಚೆಗೆ ಕೆಲವು ರೈತರು ಮನೆಯ ಒಂದು ಕೋಣೆಯಲ್ಲಿಯೇ ಎಲ್.ಇ.ಡಿ. ದೀಪಗಳ ಕೆಳಗೆ ತರಕಾರಿ ಸಸಿಗಳನ್ನೂ ಎಳೆಯ ಸೊಪ್ಪನ್ನೂ ಬೆಳೆಸತೊಡಗಿದ್ದಾರೆ. ದೀಪದ ಆಯ್ಕೆಗೆ ಕೊಡುವಷ್ಟು ಗಮನವನ್ನು ಗೋಡೆಗೆ ಕೊಡುವವರು ಕಡಿಮೆ. ದೀಪದಿಂದ ಹೊರಟ ಬೆಳಕೆಲ್ಲ ಎಲೆಯ ಮೇಲೆ ಬೀಳುವುದಿಲ್ಲ. ಒಂದು ಭಾಗ ಪಕ್ಕಕ್ಕೆ ಹರಡಿ ಗೋಡೆ ಸೇರುತ್ತದೆ. ಗೋಡೆ ಅದನ್ನು ಹಿಂತಿರುಗಿಸದಿದ್ದರೆ, ಹಣ ತೆತ್ತ ವಿದ್ಯುತ್ತಿನಿಂದ ಗೋಡೆ ಬೆಚ್ಚಗಾದುದಷ್ಟೇ ಲಾಭ. ಅಂಚಿನ ತಟ್ಟೆಗಳ ಸಸಿಗಳು ತೆಳ್ಳಗೆ ಉದ್ದವಾಗಿ ದೀಪದ ಕಡೆಗೆ ಬಾಗುತ್ತವೆ. ಇಂಥವು ನಾಟಿ ಮಾಡಿದ ಮೇಲೆ ಗಾಳಿಗೆ ಒರಗುವುದುಂಟು.

ಬರಿಯ ಸಿಮೆಂಟು ಗಾರೆ ತನ್ನ ಮೇಲೆ ಬಿದ್ದ ಬೆಳಕಿನ ಅರ್ಧವನ್ನೂ ಹಿಂತಿರುಗಿಸುವುದಿಲ್ಲ. ಹೊಳಪಿಲ್ಲದ ಬಿಳಿ ಬಣ್ಣ ಅಥವಾ ಚೆನ್ನಾಗಿ ಬಳಿದ ಸುಣ್ಣ 100 ಪಾಲಿನಲ್ಲಿ ಸುಮಾರು 80 ಪಾಲನ್ನು ಹಿಂತಿರುಗಿಸುತ್ತದೆ, ಅದನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಬೆಳ್ಳಿಹೊಳಪಿನ ಪಾಲಿಯೆಸ್ಟರ್ ಹಾಳೆ ಹೊಸದಿರುವಾಗ 90ಕ್ಕೂ ಮೇಲೆ ಕೊಡುತ್ತದೆ ನಿಜ. ಆದರೆ ಸುಕ್ಕುಗಟ್ಟಿದರೆ ಬೆಳಕು ಅಲ್ಲಲ್ಲಿ ಗುಂಪಾಗಿ ಬೀಳುತ್ತದೆ. ಹಾಳೆಯ ಹಿಂದೆ ತೇವ ನಿಂತರೆ ಗೋಡೆ ಬೂಷ್ಟು ಹಿಡಿಯುತ್ತದೆ. ಸಣ್ಣ ಕೋಣೆಗೆ ಈ ಖರ್ಚು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯನ್ನಂತೂ ಗೋಡೆ ತುಂಬ ಅಂಟಿಸಬಾರದು. ಅದು ಲೋಹ, ನೀರೂ ತಂತಿಯೂ ಇರುವ ಕೋಣೆಯಲ್ಲಿ ಒಂದು ಕಡೆ ತಂತಿಯ ಹೊದಿಕೆ ಹರಿದರೆ ಇಡೀ ಗೋಡೆಯೇ ಷಾಕ್ ಹೊಡೆದೀತು. ಥರ್ಮೊಕೋಲ್ ಬಿಳುಪಾಗಿದ್ದರೂ ಬೇಗ ಬೆಂಕಿ ಹಿಡಿಯುವ ವಸ್ತು.

ಸುಣ್ಣ ಬಳಿಯುವವರು ಸುಟ್ಟ ಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಬೇಕು. ಆಗ ನೀರು ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ಟು ಬೇಡ. ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಬೇಕು. ಒಂದು ರಾತ್ರಿ ನೆನೆದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಕೈಗೆ ಹತ್ತದಂತೆ ಸ್ವಲ್ಪ ಗೋಂದು ಬೆರೆಸಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಸಲ ಬಳಿಯಬೇಕು. ಹಬ್ಬಕ್ಕೆ ಬಳಿಯುವಾಗ ನೀಲಿ ಹಾಕುವುದು ಎಲ್ಲರ ರೂಢಿ. ಇಲ್ಲಿ ನೀಲಿ ಹಾಕಬಾರದು. ಅದು ಗೋಡೆ ಕಣ್ಣಿಗೆ ಬೆಳ್ಳಗೆ ಕಾಣುವಂತೆ ಮಾಡುತ್ತದೆಯೇ ಹೊರತು ಬೆಳಕನ್ನು ಹೆಚ್ಚಿಸುವುದಿಲ್ಲ. ಹಳದಿ, ಕೆಂಪು ಕಿರಣಗಳನ್ನು ನುಂಗುತ್ತದೆ. ಕೆಂಪು ಕಿರಣವಾದರೋ ಎಲೆಗಳು ಆಹಾರ ತಯಾರಿಸಲು ಬಲು ಬೇಕಾದದ್ದು. ನೀರು ಸಿಡಿಯುವ ಕೆಳಭಾಗದಲ್ಲಿ ಸುಣ್ಣ ಉಳಿಯದು. ಅಲ್ಲಿಗೆ ತೊಳೆಯಲು ಬರುವ ಬಿಳಿ ಬಣ್ಣವೇ ಸರಿ.

ಗೋಡೆ ಎಷ್ಟೇ ಬೆಳ್ಳಗಿದ್ದರೂ ತಟ್ಟೆಗಳು ದೂರವಿದ್ದರೆ ಪ್ರಯೋಜನ ಅಲ್ಪ. ದೊಡ್ಡ ಕೋಣೆಯ ನಡುವೆ ಕಪಾಟು ಇಟ್ಟವರು ಅದರ ಪಕ್ಕಗಳಿಗೆ ಗಾಳಿಯಾಡಲು ಮೇಲೆ ಕೆಳಗೆ ಸಂದು ಬಿಟ್ಟು ಬಿಳಿ ಬಟ್ಟೆ ಇಳಿಬಿಡಬಹುದು. ದೀಪಕ್ಕೆ ಬಟ್ಟೆ ತಗಲಬಾರದು. ಧೂಳು, ಹಸಿರು ಪಾಚಿ ಕಂಡಾಗ ಒರೆಸಬೇಕು, ಸುಣ್ಣ ಮಾಸಿದಾಗ ಮತ್ತೆ ಬಳಿಯಬೇಕು. ಇಷ್ಟಾದರೂ ಅಂಚಿನ ಸಸಿಗಳು ಬಾಗುತ್ತಿದ್ದರೆ ಎರಡು ದಿನಕ್ಕೊಮ್ಮೆ ಅಂಚಿನ ತಟ್ಟೆಗಳನ್ನು ನಡುವಿಗೂ ನಡುವಿನವನ್ನು ಅಂಚಿಗೂ ಬದಲಿಸಿಡಿ.