ನೀತಿಯ ಕಾಗದದಲ್ಲಿ ಕೇರಿಯ ಮನಸ್ಸು

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಸರ್ಕಾರದ ಆರೋಗ್ಯ ನೀತಿಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ಕಥೆ, ಕವಿತೆ, ಆತ್ಮಕಥನಗಳನ್ನು ಓದುವಷ್ಟೇ ಎಚ್ಚರದಿಂದ ನಾವು ಸರ್ಕಾರದ ಕಾಗದಗಳನ್ನೂ ಓದಬೇಕಾಗಿದೆ. ಅವೂ ಪಠ್ಯಗಳೇ. ಅಲ್ಲೂ ಯಾರೋ ಮಾತಾಡುತ್ತಿರುತ್ತಾರೆ, ಯಾರ ಬಾಯೋ ಮುಚ್ಚಿರುತ್ತದೆ. 2014ರ ಅಕ್ಟೋಬರ್ 10ರಂದು ಹೊರಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ನೀತಿ ಅಂಥ ಒಂದು ಪಠ್ಯ. ಮೈಸೂರಿಗೆ ನಿಮ್ಹಾನ್ಸ್ ಮಾದರಿಯ ಸಂಸ್ಥೆಯೊಂದು ಬರುತ್ತದೆಂದು 2025-26ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಮೇಲಂತೂ ಈ ಓದು ನಮ್ಮ ಊರಿನ ಕೆಲಸವೇ ಆಗಿದೆ.

ನೀತಿ ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಬಡತನ ಮತ್ತು ಮನೋರೋಗ ಒಂದನ್ನೊಂದು ಎಳೆದುಕೊಂಡು ಸುತ್ತುವ ವಿಷಚಕ್ರ ಎಂಬುದನ್ನು ಅದು ಒಪ್ಪುತ್ತದೆ. ಬಡವರು, ಮನೆಯಿಲ್ಲದವರು, ಸೆರೆಯಲ್ಲಿರುವವರು, ನೆಲೆ ತಪ್ಪಿದವರು, ವಿಕೋಪಕ್ಕೆ ಸಿಕ್ಕವರು ಎಂದು ಒಂದೊಂದೇ ತಲೆಬರಹ ಕೊಟ್ಟು ಹೇಳುತ್ತದೆ. ಜಾತಿಗೆ ಮಾತ್ರ ಪ್ರತ್ಯೇಕ ತಲೆಬರಹವಿಲ್ಲ. ಮುಂದೆ 2017ರಲ್ಲಿ ಬಂದು 2018ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಜಾತಿ ಎಂಬ ಪದ ಇದೆ. ಅದರ 18ನೇ ಕಲಮು ಚಿಕಿತ್ಸೆ ಕೊಡುವಾಗ ಲಿಂಗ, ಧರ್ಮ, ಜಾತಿ, ವರ್ಗದ ತಾರತಮ್ಯ ಕೂಡದು ಎನ್ನುತ್ತದೆ. ಅಂದರೆ ಆಸ್ಪತ್ರೆ ಬಾಗಿಲಲ್ಲಿ ಜಾತಿ ಕೇಳಬೇಡಿ ಎಂದಾಯಿತು. ಆ ಮನುಷ್ಯನನ್ನು ಆಸ್ಪತ್ರೆ ಬಾಗಿಲಿಗೆ ತಂದು ನಿಲ್ಲಿಸಿದ್ದರಲ್ಲಿ ಜಾತಿಯ ಪಾಲೆಷ್ಟು ಎಂದು ಕೇಳುವವರು ಯಾರು? ಜಾತಿ ಬಾಗಿಲಲ್ಲಿ ತಡೆಯಬೇಕಾದ ಅಡ್ಡಿಯಾಗಿ ಕಾಣಿಸಿಕೊಂಡಿತೇ ಹೊರತು ನೋವಿನ ಕಾರಣವಾಗಿ ಅಲ್ಲ. ನನ್ನ ತಕರಾರು ಇಷ್ಟೇ.

ಬಡತನ ಎಂದರೆ ಜಾತಿಯೂ ಅದರೊಳಗೇ ಬಂತಲ್ಲ ಎನ್ನುವವರಿದ್ದಾರೆ. ಬರುವುದಿಲ್ಲ ಸ್ವಾಮಿ. ಹಸಿವು ಉಂಡ ಮೇಲೆ ಹೋಗುತ್ತದೆ, ಅವಮಾನ ಸಂಬಳ ಬಂದ ಮೇಲೂ ಹೋಗುವುದಿಲ್ಲ. ರೋಹಿತ್ ವೇಮುಲ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗ. ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ಐವರಲ್ಲಿ ಒಬ್ಬನಾಗಿದ್ದ ಅವನು 2016ರ ಜನವರಿ 17ರಂದು ತೀರಿಕೊಂಡ. ಕೇಂದ್ರ ಸರ್ಕಾರ ನೇಮಿಸಿದ ರೂಪನ್‌ವಾಲ್ ಆಯೋಗ ಇದಕ್ಕೆ ವೈಯಕ್ತಿಕ ಹತಾಶೆ ಕಾರಣ ಎಂದು ಬರೆಯಿತು. ಈ ಎರಡು ಪದಗಳನ್ನು ಗಮನಿಸಬೇಕು. ಮನಸ್ಸಿನ ಮಾತು ಬಂದ ತಕ್ಷಣ ವ್ಯವಸ್ಥೆ ಬಿಡುಗಡೆ ಹೊಂದುತ್ತದೆ, ಸತ್ತವನೇ ಆರೋಪಿಯಾಗುತ್ತಾನೆ.

ಇದು ಹಳೆಯ ಆಟ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯನನ್ನು ಬಿಟ್ಟು ಓಡಿಹೋಗುವ ಗುಲಾಮರಿಗೆ ಒಂದು ಮನೋರೋಗ ಇದೆಯೆಂದು ಹೇಳಿ ಅದಕ್ಕೆ ಡ್ರೇಪ್ಟೋಮೇನಿಯಾ ಎಂದು ಹೆಸರಿಟ್ಟ. ಬಿಡುಗಡೆಯ ಆಸೆಯೇ ಕಾಯಿಲೆ! ನಮ್ಮ ಊರುಗಳಲ್ಲಿ ಹೋಟೆಲಿನ ಬೇರೆ ಲೋಟ ಮುಟ್ಟಲ್ಲ ಎಂದ ಹುಡುಗನನ್ನು ‘ಓದಿ ಓದಿ ತಲೆ ಕೆಟ್ಟೋಗದೆ’ ಎಂದವರು ಕಾರ್ಟ್‌ರೈಟನನ್ನು ಓದಿರಲಿಲ್ಲ, ಅಷ್ಟೆ. 2017ರ ಕಾಯ್ದೆಯ 3ನೇ ಕಲಮು ಇಂಥದ್ದಕ್ಕೆ ತಡೆ ಹಾಕಿದೆ. ಒಬ್ಬನ ಸಾಮಾಜಿಕ ಸ್ಥಾನ ನೋಡಿ, ಅಥವಾ ಸಮುದಾಯದಲ್ಲಿ ನಡೆದುಬಂದ ನೈತಿಕ, ಸಾಂಸ್ಕೃತಿಕ, ರಾಜಕೀಯ ಮೌಲ್ಯಗಳಿಗೆ ಅವನು ಒಗ್ಗಲಿಲ್ಲ ಎಂದು ಹೇಳಿ ಮನೋರೋಗಿ ಎನ್ನುವಂತಿಲ್ಲ. ಸಂಘಟನೆಯ ಗೆಳೆಯರು ಈ ಕಲಮನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹಾಗೆಂದು ಕಾಯಿಲೆಯೇ ಸುಳ್ಳು, ಎಲ್ಲವೂ ಶೋಷಣೆ ಎನ್ನುವ ನಮ್ಮವರ ವಾದವನ್ನೂ ನಾನು ಒಪ್ಪಲಾರೆ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ರಾತ್ರಿಯೆಲ್ಲ ಕೂಗುವ ಮಗನಿರುವ ತಾಯಿಗೆ ಭಾಷಣದಿಂದ ಆಗುವುದೇನೂ ಇಲ್ಲ. ಮಾತ್ರೆ ಬೇಕು, ತಿಂಗಳು ತಿಂಗಳೂ ತಪ್ಪದೆ ಬೇಕು. ಕ್ರಾಂತಿ ಆದ ಮೇಲೆ ನೋಡೋಣ ಎಂದು ಆಕೆಗೆ ಹೇಳಲಾದೀತೆ?

ಆ ತಾಯಿ ವೈದ್ಯರ ಮುಂದೆ ಕೂತಾಗ ನಡೆಯುವುದೇನು? ಅಲ್ಲಿನ ಪದ ‘ಖಿನ್ನತೆ’, ‘ಆತಂಕ’. ನಮ್ಮ ಹೆಂಗಸರು ಹೇಳುವುದು ‘ಎದೆ ಮೇಲೆ ಕಲ್ಲು ಏರ್‌ದಂಗಾಯ್ತದೆ’, ‘ಮೈಯೆಲ್ಲ ಉರಿ’, ‘ಜೀವ ಬ್ಯಾಸರ’, ‘ಗಾಳಿ ಸೋಕದೆ’. ಎದೆ ಎಂದರೆ ಇಸಿಜಿಗೆ ಚೀಟಿ, ಉರಿ ಎಂದರೆ ಗ್ಯಾಸಿನ ಮಾತ್ರೆ. ಮನಸ್ಸಿನ ತನಕ ಮಾತು ಬರುವುದೇ ಇಲ್ಲ. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಈ ಸೀಮೆಯ ಆಡುಮಾತಿನಲ್ಲೇ ಬಂದಾಗ ಅರ್ಥವಾಗುವುದಿಲ್ಲ ಎಂದ ಓದುಗರಿದ್ದರು. ಸಾಹಿತ್ಯದಲ್ಲಿ ಆ ಜಗಳ ಆಯಿತು, ಭಾಷೆ ಗೆದ್ದಿತು. ಆಸ್ಪತ್ರೆಯಲ್ಲಿ ಜಗಳವೇ ಶುರುವಾಗಿಲ್ಲ. ಮೈಸೂರಿಗೆ ಮನಶ್ಶಾಸ್ತ್ರ ಹೊಸದೇನಲ್ಲ. ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಅದರ ವಿಭಾಗ ತೆರೆದದ್ದು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರುಮಾಡಿದವರೂ ಅವರೇ. ಊರು ಅವರನ್ನು ನೆನೆಯುವುದು ರೇಡಿಯೋಗಾಗಿ. ನೂರು ವರ್ಷದ ಈ ಶಾಸ್ತ್ರಕ್ಕೆ ಅಶೋಕಪುರಂ, ಗಾಂಧಿನಗರದ ಮನೆಗಳ ಮಾತು ಎಷ್ಟು ಕೇಳಿಸಿದೆ?

ಇನ್ನು ಏರ್ಪಾಡಿನ ಸಂಗತಿ. ಈ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಕರ್ನಾಟಕದಲ್ಲಿ. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಕೆಲವೇ ಬಗೆಯ ಔಷಧಿಗಳನ್ನು ಅಲ್ಲೇ ಇರಿಸಿ, ಊರ ಹತ್ತಿರವೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಮೊದಲು ನಾಲ್ಕು ಜಿಲ್ಲೆಗಳಲ್ಲಿ ಕಾರ್ಯಕ್ರಮ ತೆರೆಯಿತು. ಆದರೂ ನಿಮ್ಹಾನ್ಸಿನದೇ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳುವ ಲೆಕ್ಕ ನೋಡಿ: ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ, ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಇಲ್ಲ. ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಭಾವಿ ಪ್ರಯೋಗ ಮಾತ್ರ ಆಯಿತು. ದೀಪದ ಬುಡ ಕತ್ತಲೆ.

ಆ ಸಮೀಕ್ಷೆಯಲ್ಲಿ ಕುಡಿತದ ಕಾಯಿಲೆಯವರಲ್ಲಿ ಶೇಕಡಾ 86ರಷ್ಟು ಮಂದಿ ಚಿಕಿತ್ಸೆ ಕಾಣದವರು. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ನಗರವಾಯಿತು. ಅದನ್ನು ಗುಡಿಸಿದವರು ಯಾರು, ಯಾವ ಕೇರಿಯವರು ಎಂದು ಹೇಳಬೇಕಿಲ್ಲ. ಕೊಳೆತದ್ದರ ವಾಸನೆಗೆ ಮೂಗು ಕೊಟ್ಟು ಬದುಕುವವನು ಒಂದು ಕ್ವಾರ್ಟರ್ ಹಾಕಿಕೊಳ್ಳುತ್ತಾನೆ. ಅಬಕಾರಿ ವರಮಾನ ಸರ್ಕಾರಕ್ಕೆ, ಕುಡುಕ ಎಂಬ ಹೆಸರು ಅವನಿಗೆ, ಉಳಿದದ್ದೆಲ್ಲ ಅವನ ಹೆಂಡತಿಗೆ. ನಗರದ ಕೆ.ಆರ್. ಆಸ್ಪತ್ರೆಗೆ ಹೋಗಬಹುದು ನಿಜ, ಒಂದು ದಿನದ ಕೂಲಿ ಬಿಟ್ಟು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಯೋಜನೆಯನ್ನೂ ರಾಜ್ಯ ತಂದಿತು. ಮಂಗಳವಾರವೂ ಕೂಲಿಯ ದಿನವೇ.

ದೌರ್ಜನ್ಯ ನಡೆದ ಊರುಗಳ ಕತೆ ಬೇರೆಯೇ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಹಿನ್ನೆಲೆಯಲ್ಲಿ ಇದ್ದದ್ದು ದೇವಸ್ಥಾನ ಪ್ರವೇಶದ ಪ್ರಶ್ನೆ. ಮನಸ್ಸು ಕೆಟ್ಟರೆ ದೇವರ ಹತ್ತಿರ ಕರಕೊಂಡು ಹೋಗುವ ನಾಡು ಇದು. ನಮಗೆ ಆ ಬಾಗಿಲಿನಲ್ಲೇ ಹೆಣ ಬಿದ್ದವು. ದೌರ್ಜನ್ಯ ತಡೆಯ 1995ರ ನಿಯಮಗಳು ಕೊಲೆಗೆ ಇಷ್ಟು, ಅಂಗ ಊನವಾದರೆ ಇಷ್ಟು ಎಂದು ಪರಿಹಾರ ಗೊತ್ತುಮಾಡಿವೆ. ಕಣ್ಣೆದುರೇ ನಡೆದದ್ದನ್ನು ಕಂಡ ಮಗು ಬೆಳೆದು ದೊಡ್ಡದಾಗುವ ತನಕ ರಾತ್ರಿ ಬೆಚ್ಚಿಬೀಳುವುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಬರೀ ಕಟ್ಟಡವಲ್ಲ. ರಾಷ್ಟ್ರೀಯ ನೀತಿಯನ್ನು ತಿದ್ದಿ, ಜಾತಿಯ ಅವಮಾನ ಮತ್ತು ದೌರ್ಜನ್ಯವನ್ನು ಮನೋವೇದನೆಯ ಕಾರಣ ಎಂದು ಹೆಸರಿಟ್ಟು ಬರೆಯಲಿ. ಮುಂದಿನ ಸಮೀಕ್ಷೆಗಳು ಜಾತಿವಾರು ಲೆಕ್ಕ ಕೊಡಲಿ. ದೌರ್ಜನ್ಯದ ಕೇಸು ದಾಖಲಾದ ಊರಿಗೆ ತಹಶೀಲ್ದಾರರ ಜೀಪಿನ ಹಿಂದೆಯೇ ಜಿಲ್ಲಾ ಮಾನಸಿಕ ಆರೋಗ್ಯ ತಂಡವೂ ಹೋಗಲಿ, ಒಂದು ದಿನಕ್ಕಲ್ಲ, ವರ್ಷಗಟ್ಟಲೆ. ಮೈಸೂರಿನ ಹೊಸ ಸಂಸ್ಥೆಯಲ್ಲಿ ಆಪ್ತಸಮಾಲೋಚಕರಾಗಿ ನಮ್ಮ ಕೇರಿಗಳ ಹುಡುಗ ಹುಡುಗಿಯರು ತರಬೇತಾಗಲಿ. ಹಾಸ್ಟೆಲುಗಳಲ್ಲಿ ವಾರ್ಡನ್ನಿಗೆ ವರದಿ ಒಪ್ಪಿಸದ ಸಮಾಲೋಚಕರಿರಲಿ.

ಅದೆಲ್ಲ ಆಗುವ ತನಕ ಕೈಯಲ್ಲಿರುವುದನ್ನು ಬಳಸೋಣ. 18ನೇ ಕಲಮಿನ ಪ್ರಕಾರ ಬಡತನದ ರೇಖೆಯ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ, ಮನೆಯಿಲ್ಲದವರಿಗೂ ಕೂಡ, ಸರ್ಕಾರಿ ಮಾನಸಿಕ ಚಿಕಿತ್ಸೆ ಪೂರ್ತಿ ಉಚಿತ. ಜಿಲ್ಲೆಯ ಸರ್ಕಾರಿ ಏರ್ಪಾಡಿನಲ್ಲಿ ಆ ಸೇವೆ ಇಲ್ಲದಿದ್ದರೆ ಜಿಲ್ಲೆಯ ಬೇರೆ ಕಡೆ ತೋರಿಸಿಕೊಂಡು ಖರ್ಚನ್ನು ಸರ್ಕಾರದಿಂದ ಕೇಳುವ ಹಕ್ಕೂ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಉಚಿತ ಫೋನು, 14416, ಕನ್ನಡದಲ್ಲೂ ಮಾತಾಡುತ್ತದೆ. ‘ಕಾರ್ಡು ತಕಂಬಾ’ ಎಂದು ಕೌಂಟರಿನಲ್ಲಿ ವಾಪಸು ಕಳಿಸಿದರೆ ಆ ಕಲಮನ್ನು ಒಂದು ಚೀಟಿಯಲ್ಲಿ ಬರೆದು ಮುಂದಿಡಿ, ಕೊಡುವುದಿಲ್ಲ ಎಂಬುದನ್ನು ಬರಹದಲ್ಲೇ ಕೊಡಿ ಎಂದು ಕೇಳಿ.