ಹಳೆಯ ಓಮ್ನಿ, ಮಡಚುವ ಮಂಚ ಮತ್ತು ಗ್ಯಾರೇಜಿನ ನಂಬಿಕೆಗಳು

ಮಾರುತಿ ವ್ಯಾನ್ ನಮ್ಮ ರಸ್ತೆಗಿಳಿದದ್ದು 1984ರಲ್ಲಿ. ಮುಂದೆ ಅದಕ್ಕೆ ಓಮ್ನಿ ಎಂದು ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. ಅಷ್ಟು ವರ್ಷ ಅದು ಶಾಲೆಯ ಮಕ್ಕಳನ್ನು ಹೊತ್ತಿತು, ಹಾಲಿನ ಕ್ಯಾನು ಸಾಗಿಸಿತು, ಸಣ್ಣ ಊರುಗಳಲ್ಲಿ ಆಂಬ್ಯುಲೆನ್ಸ್ ಕೂಡ ಆಯಿತು. ಈಗ ಅದೇ ಹಳೆಯ ವ್ಯಾನನ್ನು ಕೊಂಡು, ಹಿಂದೆ ಒಂದು ಮಂಚ ಕೂರಿಸಿ, ಊರೂರು ಸುತ್ತುವ ಆಸೆ ಹಲವರಿಗೆ ಹುಟ್ಟಿದೆ. ಆಸೆ ಒಳ್ಳೆಯದೇ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಹತ್ತಿರಹತ್ತಿರ 800 ಕೆ.ಜಿ. ತೂಕ, ಎರಡೂ ಬದಿಗೆ ಸರಿಯುವ ಬಾಗಿಲು, ಯಾವ ಊರಿನ ಗ್ಯಾರೇಜಿನವರಿಗೂ ಗೊತ್ತಿರುವ ಯಂತ್ರ. ಇಷ್ಟು ಕಡಿಮೆ ಖರ್ಚಿನಲ್ಲಿ ಚಲಿಸುವ ಮನೆ ಬೇರೆ ಸಿಗುವುದು ಕಷ್ಟ.

ಆದರೆ ವ್ಯಾನಿನ ಜೊತೆಗೇ ಸಲಹೆಗಳೂ ಬರುತ್ತವೆ. ಗ್ಯಾರೇಜು, ಪ್ಲೈವುಡ್ ಅಂಗಡಿ, ಟೀ ಅಂಗಡಿ ಎಲ್ಲ ಕಡೆಯೂ ಹೇಳುವವರಿದ್ದಾರೆ. ಅವುಗಳಲ್ಲಿ ಕೆಲವು ದುಡ್ಡು ಹಾಳು ಮಾಡುತ್ತವೆ, ಕೆಲವು ಪ್ರಾಣಕ್ಕೇ ಕುತ್ತು ತರುತ್ತವೆ. ಭಾರವಾದದ್ದೇ ಗಟ್ಟಿ, ಓಡಿಸದೆ ಇಟ್ಟದ್ದೇ ಹೊಸದು ಎಂಬ ಎರಡು ಭಾವನೆಗಳೇ ಇವುಗಳಲ್ಲಿ ಕೆಲವಕ್ಕೆ ಬೇರು.

"ಹದಿನೈದು ವರ್ಷ ಆಯಿತಲ್ಲ, ಇನ್ನು ಗುಜರಿಗೇ"

ಇದು ದೆಹಲಿಯ ಸುದ್ದಿ ಕೇಳಿ ಹುಟ್ಟಿದ ಭಯ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಶುಲ್ಕ ಏರಿದೆ, ಹಸಿರು ತೆರಿಗೆಯೂ ಇದೆ. ಆದರೂ ಚೆನ್ನಾಗಿ ನೋಡಿಕೊಂಡ ಗಾಡಿಯನ್ನು ಬರೀ ವಯಸ್ಸಿನ ಕಾರಣಕ್ಕೆ ಗುಜರಿಗೆ ಕೊಡಬೇಕಿಲ್ಲ. ಈ ಭಯವನ್ನೇ ಬಳಸಿಕೊಂಡು ಅಗ್ಗಕ್ಕೆ ಕೊಳ್ಳುವವರಿದ್ದಾರೆ, ಮಾರುವವರು ಎಚ್ಚರವಿರಬೇಕು. ಕೊಳ್ಳುವವರು ಮಾತ್ರ ನೋಂದಣಿಯ ಅವಧಿ ಯಾವಾಗ ಮುಗಿಯುತ್ತದೆಂದು ಆರ್‌ಸಿಯಲ್ಲಿ ನೋಡದೆ ಮುಂಗಡ ಕೊಡಬಾರದು.

"ಕಡಿಮೆ ಓಡಿದೆ, ಶೆಡ್ಡಿನಲ್ಲೇ ಇತ್ತು"

ಮಾರುವವರು ಹೆಮ್ಮೆಯಿಂದ ಹೇಳುವ ಈ ಮಾತು ಕೊಳ್ಳುವವನ ಕಿವಿಗೆ ಎಚ್ಚರಿಕೆಯಾಗಿ ಕೇಳಬೇಕು. ನಿಂತ ಗಾಡಿ ಬೇರೆ ರೀತಿಯಲ್ಲಿ ಸವೆಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಆ ತೇವದಿಂದ ಹಿಂದಿನ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ಹಳೆಯ ಮಾದರಿಯಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿದು ಜೆಟ್ಟಿನ ಸೂಕ್ಷ್ಮ ರಂಧ್ರ ಮುಚ್ಚುತ್ತದೆ. ಇಲಿಗಳಿಗೆ ವೈರಿನ ಹೊದಿಕೆ ಎಂದರೆ ಇಷ್ಟ, ಮಲೆನಾಡಿನ ತೋಟದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೈರಿನ ಗೆರೆ ಆಳವಾಗಿದ್ದರೂ ರಬ್ಬರು ಮುದಿಯಾಗಿರಬಹುದು. ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಗುರುತಿರುತ್ತದೆ. 2315 ಎಂದಿದ್ದರೆ ಅದು 2015ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರನ್ನು, ನೋಡಲು ಎಷ್ಟೇ ಚೆನ್ನಾಗಿರಲಿ, ಘಾಟಿ ರಸ್ತೆಗೆ ಒಯ್ಯಬಾರದು.

ಪೆಟ್ರೋಲ್ ಹೋಸ್ ಪೈಪಿನದೂ ಇದೇ ಕತೆ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದನ್ನು ಹಾಕಿದ ಮರುದಿನವೇ ಎಂಜಿನ್ ಕೆಡುತ್ತದೆಂಬುದೂ ಸರಿಯಲ್ಲ, ಏನೂ ಆಗುವುದಿಲ್ಲವೆಂಬುದೂ ಸರಿಯಲ್ಲ. ಎಥನಾಲ್ ಹಳೆಯ ರಬ್ಬರನ್ನು ನಿಧಾನಕ್ಕೆ ಉಬ್ಬಿಸಿ ಬಿರುಕು ಬಿಡಿಸುತ್ತದೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಪೆಟ್ರೋಲ್ ಜಿನುಗಿದರೆ ಬಿಸಿ ಎಂಜಿನ್ನಿಗೂ ಕೂತವನಿಗೂ ನಡುವೆ ಒಂದು ತಗಡು ಮಾತ್ರ. ಹಳೆಯ ವ್ಯಾನ್ ಕೊಂಡವರು ಪರದೆ ಹೊಲಿಸುವ ಮೊದಲು ಎಥನಾಲ್ ತಾಳುವ ಹೊಸ ಹೋಸ್ ಮತ್ತು ಕ್ಲಿಪ್ಪುಗಳನ್ನು ಹಾಕಿಸಲಿ.

"ಥರ್ಮೋಸ್ಟಾಟ್ ತೆಗೆಸಿಬಿಡಿ, ಬಿಸಿಯಾಗಲ್ಲ"

ನಮ್ಮ ಗ್ಯಾರೇಜುಗಳಲ್ಲಿ ಬೇರುಬಿಟ್ಟ ನಂಬಿಕೆ ಇದು. ಸೆಖೆಯ ದೇಶಕ್ಕೆ ಥರ್ಮೋಸ್ಟಾಟ್ ಯಾಕೆ ಎಂಬ ಪ್ರಶ್ನೆ ಕೇಳಲು ಸರಿಯಾಗಿಯೇ ಇದೆ. ಆದರೆ ಅದರ ಕೆಲಸ ಚಳಿಗಾಲಕ್ಕೆ ಸೀಮಿತವಲ್ಲ. ಎಂಜಿನ್ ನೀರು ಸುಮಾರು 80 ಡಿಗ್ರಿ ದಾಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಎಂಜಿನ್ ತನ್ನ ಹದಕ್ಕೆ ಬೇಗ ಬರುವಂತೆ ಮಾಡುತ್ತದೆ. ಅದನ್ನು ತೆಗೆದರೆ ಸಣ್ಣ ಓಡಾಟಗಳಲ್ಲಿ ಎಂಜಿನ್ ಸದಾ ತಣ್ಣಗಿರುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಪೂರ್ತಿ ಉರಿಯದ ಪೆಟ್ರೋಲ್ ಆಯಿಲಿಗೆ ಬೆರೆಯುತ್ತದೆ, ಸಿಲಿಂಡರ್ ಗೋಡೆ ಸವೆಯುತ್ತದೆ. ಚಾರ್ಮಾಡಿಯೋ ಶಿರಾಡಿಯೋ ಏರುವಾಗ ಸೂಜಿ ಕೆಂಪು ಗೆರೆಗೆ ಹೋಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ, ಫ್ಯಾನ್ ಸ್ವಿಚ್ ಸತ್ತಿರುತ್ತದೆ, ಇಲ್ಲವೇ ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯುತ್ತಿರುವುದಿಲ್ಲ.

ಆ ಮುಚ್ಚಳದ ಮಹತ್ವ ಹಲವರಿಗೆ ತಿಳಿದಿಲ್ಲ. ಅದು 0.9 ಬಾರ್‌ನಷ್ಟು ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯದೆ 118ರ ಆಸುಪಾಸಿನವರೆಗೆ ತಾಳುತ್ತದೆ. ಅಲ್ಪ ಬೆಲೆಯ ರಬ್ಬರ್ ಸೀಲು ಹೋದರೆ ಆ ರಕ್ಷಣೆ ಹೋಯಿತು. ಮುಚ್ಚಳ ಬದಲಿಸಿ, ರೇಡಿಯೇಟರ್ ತೊಳೆಸಿ, ಕೂಲೆಂಟ್ ಹಾಕಿಸಿ, ಥರ್ಮೋಸ್ಟಾಟ್ ಅದರ ಜಾಗದಲ್ಲೇ ಇರಲಿ.

"ಕೆಳಗೆಲ್ಲ ಟಾರು ಬಳಿಸಿದ್ದೇನೆ, ತುಕ್ಕಿನ ಚಿಂತೆಯಿಲ್ಲ"

ತುಕ್ಕಿನ ಮೇಲೆ ಬಳಿದ ಟಾರು ತುಕ್ಕನ್ನು ನಿಲ್ಲಿಸುವುದಿಲ್ಲ, ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಅದರಡಿ ಸಿಕ್ಕಿದ ತೇವ ಆರಲು ದಾರಿಯಿಲ್ಲದೆ ತಗಡನ್ನು ಒಳಗಿಂದ ತಿನ್ನುತ್ತದೆ. ಉಜ್ಜಿ ಲೋಹದ ಹೊಳಪು ಕಂಡ ಮೇಲೆ ಪ್ರೈಮರ್, ಪ್ರೈಮರ್ ಒಣಗಿದ ಮೇಲೆ ಕೋಟಿಂಗ್, ಇದೇ ಕ್ರಮ. ಕೊಳ್ಳುವಾಗ ಜಾರುಬಾಗಿಲಿನ ಕೆಳಹಳಿ, ಬಾಗಿಲ ಬುಡ, ಹಿಂದಿನ ಚಕ್ರದ ಕಮಾನು, ಲೀಫ್ ಸ್ಪ್ರಿಂಗ್ ಸೇರುವ ಜಾಗ ಇಷ್ಟನ್ನು ಬೆರಳಿನಿಂದ ಒತ್ತಿ ನೋಡಬೇಕು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಬಿಗಿಯಾಗಿ. ಬಾಗಿಲುಗಳ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಮಳೆಗಾಲಕ್ಕೆ ಮುನ್ನ ಒಂದು ಕಡ್ಡಿ ಹಾಕಿ ಮಣ್ಣು ತೆಗೆದರೆ ಬಾಗಿಲಿನ ಆಯಸ್ಸು ವರ್ಷಗಟ್ಟಲೆ ಹೆಚ್ಚುತ್ತದೆ.

"ಮಂಚಕ್ಕೆ 18 ಎಂ.ಎಂ. ಪ್ಲೈ ಹಾಕಿ, ಅಲ್ಲಾಡಬಾರದು"

ಮನೆಯ ಮಂಚಕ್ಕೆ ಸರಿಯಾದ ಮಾತು, ವ್ಯಾನಿಗೆ ತಪ್ಪು. ಎಂಟಡಿ ನಾಲ್ಕಡಿಯ 18 ಮಿ.ಮೀ. ಪ್ಲೈ ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ, 12 ಮಿ.ಮೀ.ನದು 24 ಕೆ.ಜಿ. ಮಂಚ, ಪೆಟ್ಟಿಗೆ, ಕಪಾಟು ಎಲ್ಲ ದಪ್ಪ ಹಲಗೆಯಲ್ಲೇ ಮಾಡಿಸಿದರೆ ಒಬ್ಬರು ಹೆಚ್ಚಿಗೆ ಕೂತಷ್ಟು ಭಾರ ಸದಾ ಗಾಡಿಯ ಮೇಲೆ ಉಳಿಯುತ್ತದೆ. ಚಿಕ್ಕ ಎಂಜಿನ್, ಹಳೆಯ ಬ್ರೇಕು, ಹನ್ನೆರಡು ಇಂಚಿನ ಚಕ್ರ, ಇಳಿಜಾರು ಘಾಟಿ: ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ.

ಹಲಗೆಯ ಬಿಗುವು ಅದರ ದಪ್ಪವನ್ನು ನಂಬಿರುವಷ್ಟೇ ಆಸರೆಗಳ ಅಂತರವನ್ನೂ ನಂಬಿದೆ. ಅಂತರ ಅರ್ಧಕ್ಕಿಳಿದರೆ ಅದೇ ಭಾರಕ್ಕೆ ಹಲಗೆ ಬಾಗುವುದು ಎಂಟರಲ್ಲಿ ಒಂದು ಪಾಲು. 90 ಸೆಂ.ಮೀ. ಅಂತರದ ಮೇಲೆ 18 ಮಿ.ಮೀ. ಹಲಗೆ ಎಷ್ಟು ಬಾಗುತ್ತದೋ, 45 ಸೆಂ.ಮೀ. ಅಂತರದ ಮೇಲೆ 9 ಮಿ.ಮೀ. ಹಲಗೆ ಅಷ್ಟೇ ಬಾಗುತ್ತದೆ. ಆದರೂ ಮೊಣಕಾಲೂರಿ ಹತ್ತುವಾಗ ಇಡೀ ಮೈಭಾರ ಒಂದೇ ಬಿಂದುವಿಗೆ ಬೀಳುವುದರಿಂದ 9ಕ್ಕೆ ಇಳಿಯುವುದು ಬೇಡ. 12 ಮಿ.ಮೀ. ಹಲಗೆ, ಕೆಳಗೆ ಸುಮಾರು 40 ಸೆಂ.ಮೀ.ಗೊಂದು ರೀಪು ಅಥವಾ ಅಲ್ಯೂಮಿನಿಯಂ ಚೌಕ ಪೈಪು. ಇದಕ್ಕಿಂತ ಹೆಚ್ಚು ಬೇಕಿಲ್ಲ.

ಮೆರೈನ್ ಪ್ಲೈ ಆದರೆ ನೀರಿಗೆ ಹೆದರಬೇಕಿಲ್ಲ ಎನ್ನುವುದೂ ಅರ್ಧ ಸತ್ಯ. ನೀರು ತಡೆಯುವುದು ಪದರಗಳ ನಡುವಿನ ಅಂಟು. ಕೊಯ್ದ ಅಂಚಿನಲ್ಲಿ ಮರದ ನಾರು ತೆರೆದೇ ಇರುತ್ತದೆ, ಅಲ್ಲಿಂದ ನೀರು ಹೀರುತ್ತದೆ. ಕೊಯ್ದ ಪ್ರತಿ ಅಂಚಿಗೂ, ಸ್ಕ್ರೂ ಹಾಕಿದ ಪ್ರತಿ ತೂತಿಗೂ ವಾರ್ನಿಷ್ ಕುಡಿಸಬೇಕು.

ಮಡಚುವ ಮಂಚದ ನಿಜವಾದ ಕಷ್ಟ ಇರುವುದು ಕೀಲಿನಲ್ಲಿ. ಪಿಯಾನೋ ಹಿಂಜ್ ತಂದು ಎರಡು ಹಲಗೆ ಜೋಡಿಸಿದರೆ ಮುಗಿಯಿತು ಎಂದುಕೊಂಡವರಿಗೆ ಹಾಸಿಗೆ ಇಟ್ಟ ಮೇಲೆ ಸಮಸ್ಯೆ ತಿಳಿಯುತ್ತದೆ. ಮೂರು ಇಂಚಿನ ಫೋಮ್ ಒಳಮುಖವಾಗಿ ಮಡಚಿಕೊಳ್ಳಬೇಕಾದರೆ ಎರಡು ಹಲಗೆಗಳ ನಡುವೆ ಆರು ಇಂಚು ಜಾಗ ಬೇಕು, ಹಲಗೆಯ ಮೇಲ್ಮೈಗೆ ಹೊಡೆದ ಹಿಂಜು ಆ ಜಾಗ ಕೊಡುವುದಿಲ್ಲ. ಪರಿಹಾರ ಎರಡು. ಫೋಮನ್ನು ವೆಲ್ಕ್ರೋದಲ್ಲಿ ಅಂಟಿಸಿ, ಮಡಚುವಾಗ ತೆಗೆದಿಡುವುದು. ಇಲ್ಲವೇ ಹಿಂಜನ್ನು ಅಡಿಯಲ್ಲಿ ಹಾಕಿ, ಹಲಗೆಗಳ ಬೆನ್ನು ಒಂದಕ್ಕೊಂದು ತಾಗುವಂತೆ ಮಡಚುವುದು. ಆಗ ಒಂದು ಹಲಗೆಯ ರೀಪು ಇನ್ನೊಂದರ ರೀಪಿನ ಪಕ್ಕದಲ್ಲಿ ಕೂರುವಂತೆ ಸ್ವಲ್ಪ ಸರಿಸಿ ಹೊಡೆಯಬೇಕು, ಹಿಂಜು ರೀಪಿನ ಅರ್ಧ ಎತ್ತರದಷ್ಟು ಇಳಿದಿರಬೇಕು. ಪ್ಲೈ ಕೊಯ್ಯುವ ಮೊದಲು ರಟ್ಟಿನಲ್ಲಿ ಪೂರ್ತಿ ಅಳತೆಯ ಮಾದರಿ ಮಾಡಿ, ವ್ಯಾನಿನೊಳಗಿಟ್ಟು, ಬಾಗಿಲು ಮುಚ್ಚಿ ಮಲಗಿ ನೋಡಿದರೆ ಬಡಗಿಯ ಕೂಲಿಯೂ ಉಳಿಯುತ್ತದೆ, ಮನಸ್ತಾಪವೂ ತಪ್ಪುತ್ತದೆ.

ಫೋಮಿನ ಕೆಳಗೆ ಹಲಗೆ ಪೂರ್ತಿ ಮುಚ್ಚಿರಬಾರದು. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ, ಅದರಲ್ಲೊಂದಿಷ್ಟು ಫೋಮಿನ ತಣ್ಣಗಿನ ಅಡಿಯಲ್ಲಿ ಕೂತು ಬೂಸು ತರುತ್ತದೆ. ಹಲಗೆಯಲ್ಲಿ ತೂತು ಕೊರೆಸಿ, ನಡುವೆ ತೆಂಗಿನ ನಾರಿನ ಚಾಪೆ ಹಾಸಿದರೆ ಗಾಳಿಯಾಡುತ್ತದೆ.

"ಸೀಟು ತೆಗೆದು ಮಂಚ ಬಿಗಿದುಬಿಡಿ, ಯಾರು ಕೇಳುತ್ತಾರೆ?"

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೇಳುತ್ತದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತಪಡಿಸಿತು. ಆಸನ ಸಂಖ್ಯೆ ಆರ್‌ಸಿಯಲ್ಲಿ ಬರೆದಿರುವ ವಿವರ. ಆದ್ದರಿಂದ ಸೀಟುಗಳನ್ನು ಉಳಿಸಿಕೊಂಡು, ಹಿಂದಿನ ಸೀಟು ಮಡಚಿ ಅದರ ಮೇಲೆ ಹರಡುವ, ಬೇಡವಾದಾಗ ಇಳಿಸಿಡಬಹುದಾದ ಮಂಚವೇ ಜಾಣತನ. ತೂತು ಕೊರೆಯುವ ಆತುರವೂ ಬೇಡ. ವ್ಯಾನಿನ ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಇವೆ.

ಹಾಗೆಂದು ಮಂಚವನ್ನು ಸುಮ್ಮನೆ ಇಟ್ಟು ಓಡಿಸುವುದೂ ಸಲ್ಲದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ವ್ಯಾನ್ ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿನ ವಸ್ತುಗಳು ತಮ್ಮ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತವೆ. 30 ಕೆ.ಜಿ.ಯ ಮಂಚ 600 ಕೆ.ಜಿ.ಯಂತೆ ಚಾಲಕನ ಬೆನ್ನಿಗೆ ಬಂದೆರಗುತ್ತದೆ. ಓಮ್ನಿಯಲ್ಲಿ ಚಾಲಕನ ಮುಂದೆ ಹೇಳಿಕೊಳ್ಳುವಂಥ ಮೂತಿಯೂ ಇಲ್ಲ. ಮೂಲ ಸೀಟು ಬಿಗಿದಿರುವ ಗಟ್ಟಿ ಜಾಗಗಳಿಗೇ ಅಗಲದ ಪಟ್ಟಿಯಿಂದ ಕಟ್ಟಬೇಕು. ಇದೇ ಲೆಕ್ಕ ಮನುಷ್ಯರಿಗೂ: ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಮಲಗಬಾರದು, ಮಕ್ಕಳಂತೂ ಖಂಡಿತ ಬೇಡ. ದೂರದ ಊರಿಗೆ ಹೊರಟಾಗ "ಪಾಪ, ಮಗು ಹಿಂದೆ ಮಲಗಿಕೊಂಡು ಬರಲಿ" ಎನ್ನುವ ಅಜ್ಜಿಯ ಅಕ್ಕರೆಗೆ ಕೂಡ ಇಲ್ಲಿ ಮಣಿಯುವಂತಿಲ್ಲ.

"ಗಾಜು ಏರಿಸಿ, ಎಸಿ ಹಾಕಿ ಮಲಗಿ"

ಈ ಒಂದು ತಪ್ಪಿಗೆ ಎರಡನೇ ಅವಕಾಶವಿಲ್ಲ. ನಿಂತ ಗಾಡಿಯ ಎಂಜಿನ್ ಅಥವಾ ಜನರೇಟರ್ ಓಡುತ್ತಿದ್ದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನೆಲದ ತೂತು, ಸಂದುಗಳಿಂದ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಮಲಗಿದ್ದ ಇಬ್ಬರು ಹೀಗೆಯೇ ತೀರಿಕೊಂಡರು. ಜನರೇಟರಿನ ಹೊಗೆ ನೆಲದ ಮೂಲಕ ಒಳಗೆ ಬಂದಿತ್ತೆಂದು ತಜ್ಞರ ತನಿಖೆ ಹೇಳಿತು. ಹಳೆಯ ಓಮ್ನಿಯಲ್ಲಿ ತುಕ್ಕಿನ ತೂತು, ಎಂಜಿನ್ ಮುಚ್ಚಳದ ಹರಿದ ರಬ್ಬರು, ಒಡೆದ ಸೈಲೆನ್ಸರ್ ಮೂರೂ ಒಟ್ಟಿಗೆ ಇರಬಹುದು.

ಚಳಿಗೆಂದು ಒಳಗೆ ಇಟ್ಟ ಇದ್ದಿಲ ಒಲೆಯೂ ಇದೇ ವಿಷವನ್ನು ಬಿಡುತ್ತದೆ, ಒಂದು ಗಾಜು ಸ್ವಲ್ಪ ಇಳಿಸಿದರೆ ಸಾಕೆಂಬುದು ಹುಸಿ ಧೈರ್ಯ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮಂಚದ ಕೆಳಗಿನ ನೆಲದಲ್ಲೇ ಮಡುಗಟ್ಟುತ್ತದೆ. ಒಲೆ ಹೊರಗಿರಲಿ, ಎಂಜಿನ್ ಆರಿರಲಿ. ಎರಡೂ ಬದಿಯ ಕಿಟಕಿಗೆ ಸೊಳ್ಳೆಬಲೆ ಕಟ್ಟಿ ಗಾಜು ತೆರೆದಿಟ್ಟು, 12 ವೋಲ್ಟಿನ ಸಣ್ಣ ಫ್ಯಾನು ಹಾಕಿಕೊಂಡರೆ ಸೆಖೆಗೂ ಉಪಾಯವಾಯಿತು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತಲೆಯ ಮಟ್ಟದಲ್ಲಿ ಸಿಕ್ಕಿಸಿ, ಪ್ರತಿ ಪ್ರವಾಸಕ್ಕೆ ಹೊರಡುವ ಮುನ್ನ ಅದರ ಗುಂಡಿ ಒತ್ತಿ ಸದ್ದು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.