ಬಿಂಕಿ ಬ್ರೌನ್‌ನ ಮಡಿ-ಮೈಲಿಗೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನನ್ನ ಓರಗೆಯವರು ಅಮರ ಚಿತ್ರಕಥೆ ಓದಿ ಬೆಳೆದವರು. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಆ ಹೆಸರಿನ ಪುಸ್ತಕಗಳನ್ನು ಮೊದಲು ತಂದದ್ದು ಕನ್ನಡದಲ್ಲೇ. ನಮಗೆ ಚಿತ್ರಕಥೆ ಎಂದರೆ ದೇವರು, ರಾಜ, ರಾಕ್ಷಸ. ಬರೆಯುವವನ ಸ್ವಂತ ನಾಚಿಕೆ, ಹೆದರಿಕೆಗಳು ಅಲ್ಲಿ ಕಾಣುತ್ತಿರಲಿಲ್ಲ.

ಅವನ್ನೇ ಕಥೆ ಮಾಡಿದವರು ಅಮೆರಿಕದ ಜಸ್ಟಿನ್ ಗ್ರೀನ್. 1972ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಲಾಸ್ಟ್ ಗ್ಯಾಸ್ಪ್ ಪ್ರಕಟಿಸಿದ 'ಬಿಂಕಿ ಬ್ರೌನ್ ಮೀಟ್ಸ್ ದಿ ಹೋಲಿ ವರ್ಜಿನ್ ಮೇರಿ' ಅವರದೇ ಬಾಲ್ಯ. ಶುರುವಿನಲ್ಲೇ ಕೈ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುವ ಕಲಾವಿದ ಬಾಯಲ್ಲಿ ಲೇಖನಿ ಕಚ್ಚಿ ಚಿತ್ರ ಬರೆಯುತ್ತಿದ್ದಾನೆ. ತೊಡೆಗಳ ನಡುವೆ ಕುಡುಗೋಲು! ಹುಡುಗ ಬಿಂಕಿಗೆ ತನ್ನ ಮೈಯಿಂದ ಪಾಪದ ಕಿರಣಗಳು ಹೊರಡುತ್ತವೆಂಬ ಭ್ರಮೆ. ಬೆರಳು ಕೂಡ ಕಿರಣ ಬಿಡುತ್ತದೆ. ಅದು ಚರ್ಚಿಗೆ, ಮೇರಿಯ ಪ್ರತಿಮೆಗೆ ತಾಗಬಾರದೆಂದು ಬಾಗುತ್ತಾನೆ, ಸುತ್ತು ಬಳಸಿ ನಡೆಯುತ್ತಾನೆ, ಮತ್ತೆ ಮತ್ತೆ ಪ್ರಾರ್ಥಿಸುತ್ತಾನೆ. ಮಡಿ-ಮೈಲಿಗೆಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೀಳು ಕಾಯಿಲೆ ಎಂದು ವೈದ್ಯರು ಗುರುತಿಸಿದ್ದು ಆಮೇಲೆ. ಗ್ರೀನ್ ರೋಗವನ್ನು ವಿವರಿಸುವುದಿಲ್ಲ, ಗೆರೆ ಎಳೆದು ತೋರಿಸುತ್ತಾರೆ. ಕಣ್ಣಿಗೆ ಕಾಣದ ಕಿರಣ ಪುಟದ ತುಂಬ ಹರಿದಾಡುತ್ತದೆ. ಈ ಪುಸ್ತಕ ಇಲ್ಲದಿದ್ದರೆ ತನ್ನ 'ಮೌಸ್' ಹುಟ್ಟುತ್ತಿರಲಿಲ್ಲ ಎಂದವರು ಚಿತ್ರಕಥೆಗಾರ ಆರ್ಟ್ ಸ್ಪೀಗಲ್‌ಮನ್. 'ಮೌಸ್'ಗೆ 1992ರಲ್ಲಿ ಪುಲಿಟ್ಜರ್ ಗೌರವ ಬಂತು.

'ಬಿಂಕಿ ಬ್ರೌನ್'ನಂಥ ಪುಸ್ತಕಗಳನ್ನು ಭೂಗತ ಕಾಮಿಕ್ಸ್ ಎನ್ನುತ್ತಿದ್ದರು. 1954ರ ಕಾಮಿಕ್ಸ್ ಸಂಹಿತೆಯ ಕಟ್ಟುಪಾಡುಗಳನ್ನು ಲೆಕ್ಕಿಸದೆ, ಪೇಪರ್ ಅಂಗಡಿ ಬಿಟ್ಟು ಹಿಪ್ಪಿಗಳ ಅಂಗಡಿಯಲ್ಲಿ ಮಾರಾಟ. 1973ರಲ್ಲಿ ಅಶ್ಲೀಲತೆ ಕುರಿತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಅಂಗಡಿಯವರು ಹೆದರಿದರು, ಮಾರುಕಟ್ಟೆ ಕುಸಿಯಿತು.

ಗ್ರೀನ್ ಹೊಟ್ಟೆಪಾಡಿಗೆ ಬೋರ್ಡ್ ಬರೆಯುವ ಕೆಲಸ ಹಿಡಿದರು. ಹೌದು, ನಮ್ಮೂರಲ್ಲಿ ಫ್ಲೆಕ್ಸ್ ಬಂದು ನುಂಗಿದ ಅದೇ ಕಸುಬು! ಆ ಕಸುಬಿನ ಪತ್ರಿಕೆ 'ಸೈನ್ಸ್ ಆಫ್ ದಿ ಟೈಮ್ಸ್'ನಲ್ಲೂ ವರ್ಷಗಟ್ಟಲೆ ಚಿತ್ರಪಟ್ಟಿ ಬರೆದರು. 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಲಂಕೇಶರ 'ಹುಳಿಮಾವಿನ ಮರ', ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದ ಕನ್ನಡಿಗರಿಗೆ ಬಿಚ್ಚುಮಾತಿನ ಆತ್ಮಕಥೆ ಹೊಸದಲ್ಲ. ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜೇ ಇದೆ. ಅಲ್ಲಿನ ಹುಡುಗ ಹುಡುಗಿಯರು ಪ್ರಕಾಶಕರಿಗೆ ಕಾಯದೆ ತಮ್ಮ ಕಥೆಯನ್ನು ಚಿತ್ರಕಥೆಯಾಗಿ ಹದಿನಾರು ಪುಟಕ್ಕೆ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಹಂಚಲಿ. ದುಡ್ಡು ಕೊಟ್ಟು ಕೊಳ್ಳಲು ನಾನಂತೂ ಇದ್ದೇನೆ.